ನಗೆಮಾಲೆಗಳ ಮಂಗಳ: ಮನೋವೇಗನ ಕಥೆಗಳಿಂದ ‘ಕೊರವಂಜಿ’ಯವರೆಗೆ, ಅಲ್ಲಿಂದ ಡಿಸ್ಕ್‌ವರ್ಲ್ಡ್‌ವರೆಗೆ

ದೀರ್ಘಕಾಲ ನಡೆದ ಹಾಸ್ಯಮಾಲೆಯನ್ನು ಮುಗಿಸುವುದು ಅದನ್ನು ಆರಂಭಿಸುವುದಕ್ಕಿಂತ ಕಷ್ಟದ ಕೆಲಸ. ಗಂಭೀರ ಕಥೆಗೆ ಮದುವೆಯೋ ಮರಣವೋ ಪಟ್ಟಾಭಿಷೇಕವೋ ಕೊನೆಯಾಗಿ ಒದಗಿಬರುತ್ತದೆ. ಹಾಸ್ಯದ ಪಾತ್ರ ಬದುಕುವುದು ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದರಿಂದ. ಅದಕ್ಕೆ ಬುದ್ಧಿ ಬಂದರೆ ಮಾಲೆ ನಿಂತುಹೋಗುತ್ತದೆ, ಬಾರದಿದ್ದರೆ ಮಾಲೆಗೆ ಕೊನೆಯೇ ಇರುವುದಿಲ್ಲ. ಹರಿಕಥೆಗೂ ಬಯಲಾಟಕ್ಕೂ ಮಂಗಳವುಂಟು, ಪುರಾಣಕ್ಕೆ ಫಲಶ್ರುತಿಯುಂಟು. ನಗೆಯ ಬರಹಕ್ಕೆ ಅಂಥ ಕಟ್ಟುಪಾಡು ಇಲ್ಲದ ಕಾರಣ ಹೆಚ್ಚಿನ ಹಾಸ್ಯಮಾಲೆಗಳು ಬರೆಯುತ್ತಿದ್ದವರ ಸಾವಿನಿಂದಲೋ ಪತ್ರಿಕೆ ಮುಚ್ಚಿದ್ದರಿಂದಲೋ ನಡುದಾರಿಯಲ್ಲೇ ನಿಂತಿವೆ. ಕಟ್ಟಿದವರೇ ತಿಳಿದು ಮುಗಿಸಿದವು ಕೆಲವೇ ಕೆಲವು. ಅದ್ಭುತ ಮತ್ತು ನಗೆ ಬೆರೆತ ಕಥನಗಳಲ್ಲಂತೂ ಅವು ಇನ್ನೂ ವಿರಳ. ಕನ್ನಡದಲ್ಲಿ ಈ ವಿರಳ ಉದಾಹರಣೆಗಳ ಚರಿತ್ರೆ ಸಾಕಷ್ಟು ಹಿಂದಕ್ಕೆ ಹೋಗುತ್ತದೆ.

ಹದಿನಾಲ್ಕನೆಯ ಶತಮಾನದಲ್ಲಿ, 1360ರ ಸುಮಾರಿಗೆ, ವೃತ್ತವಿಲಾಸನೆಂಬ ಜೈನ ಕವಿ ‘ಧರ್ಮಪರೀಕ್ಷೆ’ ಎಂಬ ಚಂಪೂಕಾವ್ಯ ಬರೆದ. ಅದಕ್ಕೆ ಮೂಲ ಅಮಿತಗತಿ 1014ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಅದೇ ಹೆಸರಿನ ಕೃತಿ. ಮನೋವೇಗ, ಪವನವೇಗ ಎಂಬ ಇಬ್ಬರು ವಿದ್ಯಾಧರ ರಾಜಕುಮಾರರು ವಿಮಾನವೇರಿ ಪಾಟಲೀಪುತ್ರಕ್ಕೆ ಬರುತ್ತಾರೆ. ಮೈಮೇಲೆ ರತ್ನದ ಒಡವೆ, ತಲೆಯ ಮೇಲೆ ಹುಲ್ಲು ಸೌದೆಯ ಹೊರೆ. ವಾದಶಾಲೆಗೆ ನುಗ್ಗಿ ಭೇರಿ ಬಾರಿಸಿ ಸಿಂಹಾಸನದ ಮೇಲೆ ಕೂತುಬಿಡುತ್ತಾರೆ. ನೆರೆದ ಪಂಡಿತರು ಗದರಿದಾಗ ಮನೋವೇಗ ತನ್ನದೇ ಅನುಭವವೆಂದು ನಂಬಲಾಗದ ಕಥೆಯೊಂದನ್ನು ಹೇಳುತ್ತಾನೆ. ಅಟ್ಟಿಸಿಕೊಂಡು ಬಂದ ಆನೆಗೆ ಹೆದರಿ ಕಮಂಡಲುವಿನೊಳಗೆ ಹೊಕ್ಕದ್ದು, ಆನೆಯೂ ಬೆನ್ನಟ್ಟಿ ಒಳಗೇ ಬಂದದ್ದು, ಹೊರಬೀಳುವಾಗ ಅದರ ಬಾಲದ ಕೂದಲು ಕಮಂಡಲುವಿನ ಮೂತಿಯಲ್ಲಿ ಸಿಕ್ಕಿಕೊಂಡದ್ದು ಅಂಥದೊಂದು ಕಥೆ. ಇದು ಸುಳ್ಳೆಂದು ಪಂಡಿತರು ಕೂಗಿದರೆ, ಅವರೇ ನಂಬುವ ಪುರಾಣಗಳಲ್ಲಿ ಇಂಥದು ಇಲ್ಲವೇ ಎಂದು ಅವನು ತಿರುಗಿ ಕೇಳುತ್ತಾನೆ. ವೇಷ ಬದಲಿಸಿ, ಬೇರೆ ಬಾಗಿಲಿನಿಂದ ಬಂದು, ಮತ್ತೊಂದು ಕಥೆ ಹೇಳುತ್ತಾನೆ.

ಕಥೆಯ ಮೇಲೆ ಕಥೆ ಪೋಣಿಸಿದ ಈ ಹಾಸ್ಯಾದ್ಭುತ ಮಾಲೆಗೆ ಮೊದಲೇ ಗೊತ್ತುಪಡಿಸಿದ ಕೊನೆಯಿದೆ. ಮನೋವೇಗ ಪಂಡಿತರನ್ನು ನಗಿಸುವುದಕ್ಕಾಗಲಿ ಕೆರಳಿಸುವುದಕ್ಕಾಗಲಿ ಬಂದವನಲ್ಲ. ಜತೆಯಲ್ಲಿ ಸುಮ್ಮನೆ ಕೂತು ಕೇಳುತ್ತಿರುವ ಗೆಳೆಯ ಪವನವೇಗನ ಮನಸ್ಸು ತಿರುಗಿಸುವುದು ಅವನ ಉದ್ದೇಶ. ಪವನವೇಗ ಜೈನಧರ್ಮವನ್ನು ಒಪ್ಪಿದ ಕ್ಷಣಕ್ಕೆ ಕಥೆಗಳ ಅಗತ್ಯ ತೀರುತ್ತದೆ, ಕಾವ್ಯವೂ ಮುಗಿಯುತ್ತದೆ. ಮತದ ವಾದವನ್ನು ಇಂದಿನ ಓದುಗರು ಒಪ್ಪಬೇಕಾಗಿಲ್ಲ. ಆದರೆ ಹಾಸ್ಯವೊಂದು ಎಲ್ಲಿಗೆ ತಲುಪಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಇಷ್ಟು ಖಚಿತವಾಗಿ ಯೋಜಿಸಿದ ಹಳಗನ್ನಡ ಕೃತಿ ಮತ್ತೊಂದು ಸಿಗುವುದು ಕಷ್ಟ.

ಬೇತಾಳನ ಕಥೆಗಳ ಗತಿ ಇದಕ್ಕೆ ತದ್ವಿರುದ್ಧ. ಹನ್ನೊಂದನೆಯ ಶತಮಾನದಲ್ಲಿ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲೂ ಸೇರಿರುವ ಈ ಮಾಲೆಗೆ ಸ್ಪಷ್ಟವಾದ ಕೊನೆಯಿತ್ತು. ಬೇತಾಳ ಹೊಕ್ಕ ಹೆಣವನ್ನು ಹೊತ್ತು ನಡೆಯುವ ರಾಜ ಅದರ ಪ್ರಶ್ನೆಗೆ ಉತ್ತರ ಹೇಳಿದಷ್ಟು ಸಲವೂ ಹೆಣ ಮರಕ್ಕೆ ಹಾರುತ್ತದೆ. ತಂದೆ ಒಬ್ಬ ಹೆಂಗಸಿನ ಮಗಳನ್ನೂ ಅವನ ಮಗ ಆ ಹೆಂಗಸನ್ನೂ ಮದುವೆಯಾದರೆ ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು ಎಂಬ ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಅವನ ಮೌನವೇ ಮಾಲೆಯನ್ನು ಮುಗಿಸುತ್ತದೆ. ಬೇತಾಳ ಮೆಚ್ಚಿ, ರಾಜನನ್ನು ಹೆಣ ತರಲು ಕಳಿಸಿದ ಕಪಟ ಸನ್ಯಾಸಿಯ ಸಂಚನ್ನು ಬಯಲು ಮಾಡುತ್ತದೆ. ಇಪ್ಪತ್ತಮೂರು ಇಪ್ಪತ್ತನಾಲ್ಕು ಸಲ ಜಾಣನಾಗಿ ಸೋತ ರಾಜ ಒಮ್ಮೆ ಸುಮ್ಮನಿದ್ದು ಗೆದ್ದ ಎನ್ನುವುದು ಆ ಕೊನೆಯ ಚಮತ್ಕಾರ.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ಚಂದಮಾಮ’ ಮೊದಲು ತೆಲುಗು, ತಮಿಳಿನಲ್ಲಿ, ಸ್ವಲ್ಪ ಕಾಲದಲ್ಲೇ ಕನ್ನಡದಲ್ಲೂ ಬಂತು. ಅದು ಬೇತಾಳನನ್ನು ಎತ್ತಿಕೊಂಡಾಗ ಈ ಕೊನೆಯನ್ನು ಬಿಟ್ಟುಕೊಟ್ಟಿತು. ಹಳೆಯ ಕಥೆಗಳು ತೀರಿದ ಮೇಲೂ ಹೊಸ ಕಥೆಗಳು ಹುಟ್ಟಿದವು. ಒಂದು ಕೈಯಲ್ಲಿ ಕತ್ತಿ ಹಿಡಿದು ಹೆಣವನ್ನು ಹೆಗಲಿಗೇರಿಸಿಕೊಂಡು ಸ್ಮಶಾನದತ್ತ ನಡೆಯುವ ವಿಕ್ರಮನ ಚಿತ್ರ ಬಿಡಿಸಿದವರು ಕಲಾವಿದ ಶಂಕರ್. ತಲೆಮಾರುಗಳ ಕನ್ನಡ ಮಕ್ಕಳು ಅದೇ ಚಿತ್ರದ ಕೆಳಗೆ ತಿಂಗಳು ತಿಂಗಳೂ ಹೊಸ ಕಥೆ ಓದಿದರು. ಪ್ರತಿ ಸಲವೂ ರಾಜನ ಮೌನ ಮುರಿಯಿತು, ಬೇತಾಳ ಮರಕ್ಕೆ ಮರಳಿತು. 2007ರಲ್ಲಿ ಪತ್ರಿಕೆ ಕೈ ಬದಲಿಸಿತು. ಮುಂದಿನ ದಶಕದ ಆರಂಭದಲ್ಲಿ ನಿಂತೇ ಹೋಯಿತು. ಹಳೆಯ ಪುಸ್ತಕದಲ್ಲಿದ್ದ ಕೊನೆ ಪತ್ರಿಕೆಯ ಮಾಲೆಗೆ ಬರಲೇ ಇಲ್ಲ.

ಕೊನೆಯಿಲ್ಲದ ಇನ್ನೊಂದು ಮಾಲೆ ಸರ್ವಜ್ಞನ ತ್ರಿಪದಿಗಳದು. ಮೂರು ಸಾಲಿನ ಬಿಡಿ ಪದ್ಯ, ಹಾಸ್ಯ ಮತ್ತು ಚುರುಕು, ಕೊನೆಗೆ ಅಂಕಿತ. ಅಂಕಿತ ಒಂದೇ ಆದದ್ದರಿಂದ ಜನ ತಾವೂ ಕಟ್ಟಿ ಸೇರಿಸುತ್ತ ಹೋದರು. ಅದನ್ನು ಒಂದು ಪುಸ್ತಕದ ಎಲ್ಲೆಯೊಳಗೆ ತಂದವರು ಉತ್ತಂಗಿ ಚನ್ನಪ್ಪನವರು. ಊರೂರು ಅಲೆದು, ಹಸ್ತಪ್ರತಿ ಮತ್ತು ಬಾಯಿಪಾಠ ಎರಡನ್ನೂ ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಅಚ್ಚಿಗೆ ತಂದರು. ಕವಿ ಹಾಕದ ಪೂರ್ಣವಿರಾಮವನ್ನು ಸಂಪಾದಕ ಹಾಕಿದ್ದು ಇಲ್ಲಿಯ ವಿಶೇಷ.

ಆ ಕವಿಯ ಹೆಸರು ಇಂದು ಪೂರ್ವ ಬೆಂಗಳೂರಿನ ಭೂಪಟದಲ್ಲಿದೆ. ಕಮ್ಮನಹಳ್ಳಿ, ಲಿಂಗರಾಜಪುರ, ಬಾಣಸವಾಡಿ ಕಡೆಯ ಜನ 2008ರಿಂದ ಮತ ಹಾಕುತ್ತಿರುವುದು ಸರ್ವಜ್ಞನಗರ ವಿಧಾನಸಭಾ ಕ್ಷೇತ್ರದಲ್ಲಿ. ಹೊದಿಕೆಯಡಿ ಹದಿನೆಂಟು ವರ್ಷ ನಿಂತಿದ್ದ ಹಲಸೂರು ಕೆರೆ ದಂಡೆಯ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ಅದೇ ತಿಂಗಳ 13ರಂದು ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ಭಾಷೆಗಳ ಚುಟುಕು ನುಡಿಯ ಕವಿಗಳು ಹೀಗೆ ಊರು ಬದಲಿಸಿಕೊಂಡದ್ದು ಪೂರ್ವ ಬೆಂಗಳೂರಿನ ಚರಿತ್ರೆಗೆ ತಕ್ಕ ಘಟನೆ, ಏಕೆಂದರೆ ಈ ಭಾಗ ಎಂದೂ ಒಂದೇ ಭಾಷೆಯದಾಗಿರಲಿಲ್ಲ.

ಬ್ರಿಟಿಷರ ದಂಡು 1809ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ಹಲಸೂರಿನ ಸುತ್ತ ನೆಲೆಸಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ಈ ದಂಡು ಪ್ರದೇಶ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. 1898ರ ಪ್ಲೇಗಿನ ನಂತರ ದಂಡು ಪ್ರದೇಶದ ಜನಸಂದಣಿ ತಗ್ಗಿಸಲು ಫ್ರೇಜರ್ ಟೌನಿನಂಥ ಹೊಸ ಬಡಾವಣೆಗಳು ಎದ್ದವು. ಅವುಗಳಾಚೆ ಈಶಾನ್ಯಕ್ಕೆ ಕಮ್ಮನಹಳ್ಳಿ, ಬಾಣಸವಾಡಿ ಹಳ್ಳಿಗಳಾಗಿಯೇ ಇದ್ದವು. ಪೇಟೆಯ ಕಡೆ ಕನ್ನಡದ ಅಚ್ಚುಕೂಟ, ಕನ್ನಡದ ನಾಟಕ. ದಂಡಿನ ಕಡೆ ಇಂಗ್ಲಿಷ್ ಪತ್ರಿಕೆ, ಕ್ಲಬ್ಬು, ‘ಪಂಚ್’ ವಾರಪತ್ರಿಕೆಯ ಹಾಸ್ಯ. ಟಿ.ಪಿ. ಕೈಲಾಸಂ ನಾಟಕಗಳ ಇಂಗ್ಲಿಷ್ ಬೆರೆತ ಕನ್ನಡ ಈ ಎರಡು ಊರುಗಳ ನಡುವಿನ ಗಡಿಯಲ್ಲಿ ಹುಟ್ಟಿದ ಭಾಷೆ. 1947ರಲ್ಲಿ ಸ್ಟೇಷನ್ನು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಊರುಗಳು ಒಂದೇ ಕಾರ್ಪೊರೇಷನ್ ಆದವು.

ಈ ಕೂಡುವಿಕೆಗೆ ಏಳು ವರ್ಷ ಮೊದಲು, 1942ರಲ್ಲಿ, ಕನ್ನಡಕ್ಕೆ ತನ್ನದೇ ಆದ ‘ಪಂಚ್’ ಸಿಕ್ಕಿತ್ತು. ಡಾ. ಎಂ. ಶಿವರಾಂ ಬೆಂಗಳೂರಿನ ವೈದ್ಯರು, ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. ಅವರು ಆರಂಭಿಸಿದ ಹಾಸ್ಯ ಮಾಸಪತ್ರಿಕೆ ‘ಕೊರವಂಜಿ’. ಕಾಲ ಅನುಕೂಲದ್ದಾಗಿರಲಿಲ್ಲ. ಮಹಾಯುದ್ಧದ ನಡುಮಧ್ಯ, ಕಾಗದಕ್ಕೆ ತತ್ವಾರ, ಬೆಂಗಳೂರಿನ ಪೂರ್ವಕ್ಕೆ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯಲ್ಲಿ ಯುದ್ಧದ ಕೆಲಸ, ದಂಡಿನ ಬೀದಿಗಳಲ್ಲಿ ಸೈನಿಕರು, ಆ ವರ್ಷದ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ. ಜನ ನಗುವುದನ್ನೇ ಮರೆಯಬಹುದಾದ ವರ್ಷದಲ್ಲಿ ನಗೆಗೇ ಮೀಸಲಾದ ಪತ್ರಿಕೆ ಹೊರಬಂತು. ರಾಶಿಯವರಿಗೆ ಮನಸ್ಸಿನ ಕಾಯಿಲೆಗಳ ವಿಚಾರದಲ್ಲಿ ಆಳವಾದ ಆಸಕ್ತಿಯಿತ್ತು. ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ರಿಕೆ ನಡೆಸಿದ್ದೂ ಪುಸ್ತಕ ಬರೆದದ್ದೂ ಒಂದೇ ಕಾಳಜಿಯ ಎರಡು ಕೆಲಸಗಳೆಂದು ನೋಡುವುದು ನ್ಯಾಯ.

ಪತ್ರಿಕೆಗೆ ಆ ಹೆಸರು ಸಿಕ್ಕಿದ್ದು ಅದರ ಭಾಗ್ಯ. ಕೊರವಂಜಿಯೆಂದರೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ಕಣಿ ಹೇಳುವ ಹೆಣ್ಣು. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸಾಕ್ಷಾತ್ ಶ್ರೀನಿವಾಸನೇ ಆ ವೇಷ ತೊಟ್ಟು ಆಕಾಶರಾಜನ ಅಂತಃಪುರಕ್ಕೆ ಹೋಗಿ ಪದ್ಮಾವತಿಯ ಮನದಳಲನ್ನು ಬಿಚ್ಚಿ ಹೇಳುತ್ತಾನೆ. ದಕ್ಷಿಣದ ನೃತ್ಯನಾಟಕಗಳಲ್ಲಿ ಅವಳ ಹೆಸರಿನದೇ ಒಂದು ಪ್ರಕಾರವಿದೆ. ಅವಳಿಗೆ ಅರಮನೆಯೂ ಗುಡಿಸಲೂ ಒಂದೇ. ಯಾರ ಕೈಯನ್ನಾದರೂ ಹಿಡಿದು ಮುಖಕ್ಕೆ ಹೇಳುವ ಸಲುಗೆ ಅವಳಿಗುಂಟು, ಹೇಳಿಸಿಕೊಂಡವರು ಮುನಿಯುವಂತಿಲ್ಲ. ಇಂಗ್ಲೆಂಡಿನ ‘ಪಂಚ್’ 1841ರಲ್ಲಿ ಗೊಂಬೆಯಾಟದ ಪಾತ್ರವನ್ನು ತನ್ನ ಮುಖವಾಗಿ ಇಟ್ಟುಕೊಂಡಿತು. ‘ಕೊರವಂಜಿ’ ಅದಕ್ಕಿಂತ ಹೆಚ್ಚು ಸೌಮ್ಯವಾದ, ಹೆಚ್ಚು ಕಾಣಬಲ್ಲ ಪಾತ್ರವೊಂದನ್ನು ನಾಡಿನೊಳಗಿಂದಲೇ ಆರಿಸಿಕೊಂಡಿತು. ಹೀಗಾಗಿ ಪತ್ರಿಕೆಯೇ ಒಂದು ಹಾಸ್ಯ ಕಲ್ಪನಾಕೃತಿಯಾಯಿತು. ಓದುಗರು ಕೊಂಡದ್ದು ಕಾಗದದ ಸಂಚಿಕೆಯನ್ನಾದರೂ ಕಾದದ್ದು ತಿಂಗಳಿಗೊಮ್ಮೆ ಬಾಗಿಲಿಗೆ ಬರುವ ಒಬ್ಬ ಹೆಂಗಸಿಗಾಗಿ.

ಅವಳ ಸುತ್ತ ಒಂದು ಬಳಗ ಬೆಳೆಯಿತು. ತ್ರಿಪುಣಿತ್ತುರದಲ್ಲಿ ಹುಟ್ಟಿ, ಮಲಯಾಳಂ ಮಾತೃಭಾಷೆಯಾಗಿದ್ದು, ಮೈಸೂರಿನಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದ ನಾ. ಕಸ್ತೂರಿ ಅದರ ಮುಂಚೂಣಿಯಲ್ಲಿದ್ದರು. ಶಬ್ದಗಳಿಗೆ ಅಡ್ಡ ಅರ್ಥ ಕಟ್ಟಿದ ಅವರ ‘ಅನರ್ಥಕೋಶ’ ನಿಘಂಟಿನ ರೂಪವನ್ನೇ ನಗೆಗೆ ಒಗ್ಗಿಸಿತು. ಪರಭಾಷೆಯವರೊಬ್ಬರು ಕನ್ನಡದ ಪದಗಳ ಒಳಸೇರಿ ಇಷ್ಟು ಆಡಿದ್ದು ಅಚ್ಚರಿಯ ಸಂಗತಿ. ಟಿ. ಸುನಂದಮ್ಮ ಈ ಪತ್ರಿಕೆಯ ಮೂಲಕ ಬೆಳಕಿಗೆ ಬಂದರು. ಅಡುಗೆಮನೆ, ನೆಂಟರಿಷ್ಟರು, ಗಂಡ-ಹೆಂಡಿರ ಚಕಮಕಿಯನ್ನು ಹೆಂಗಸಿನ ಕಣ್ಣಿನಿಂದ ನೋಡಿ ನಗಿಸಿದ ಕನ್ನಡದ ಮೊದಲ ಪ್ರಮುಖ ಹಾಸ್ಯ ಲೇಖಕಿ ಅವರು. ಅವರಿಗಿಂತ ಹಿಂದೆ ಹೆಂಡತಿಯನ್ನು ಕುರಿತ ನಗೆ ಕನ್ನಡದಲ್ಲಿ ಬೇಕಾದಷ್ಟಿತ್ತು, ಹೆಂಡತಿಯ ನಗೆ ಇರಲಿಲ್ಲ. ದಾಶರಥಿ ದೀಕ್ಷಿತರ ಪ್ರಬಂಧಗಳೂ ಇಲ್ಲಿ ಬಂದವು. ಮೈಸೂರಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಆರ್.ಕೆ. ಲಕ್ಷ್ಮಣ್ ಇದಕ್ಕೆ ಚಿತ್ರ ಬರೆದರು. ‘ಟೈಮ್ಸ್ ಆಫ್ ಇಂಡಿಯಾ’ದ ಮೂಲಕ ದೇಶಕ್ಕೆಲ್ಲ ಪರಿಚಿತವಾದ ಗೆರೆ ಕನ್ನಡದ ಹಾಸ್ಯಪತ್ರಿಕೆಯೊಂದರಲ್ಲಿ ಕೈ ಕುದುರಿಸಿಕೊಂಡಿತ್ತು ಎಂಬುದನ್ನು ಇಂದು ನೆನೆಯುವವರು ಕಡಿಮೆ.

‘ಕೊರವಂಜಿ’ ಇಪ್ಪತ್ತೈದು ವರ್ಷ ನಡೆಯಿತು. ತಿಂಗಳಿಗೊಂದರಂತೆ ಲೆಕ್ಕ ಹಾಕಿದರೆ ಮುನ್ನೂರರ ಆಸುಪಾಸಿನ ಸಂಚಿಕೆಗಳು. ಈ ಅವಧಿಯಲ್ಲಿ ಅರಸೊತ್ತಿಗೆ ಹೋಯಿತು, ಸ್ವಾತಂತ್ರ್ಯ ಬಂತು, ಎರಡು ಬೆಂಗಳೂರು ಒಂದಾದವು, 1956ರಲ್ಲಿ ಕನ್ನಡನಾಡು ಕೂಡಿತು. ಬೆಳ್ಳಿಹಬ್ಬದ ಹೊಸ್ತಿಲಿನಲ್ಲಿ, 1967ರಲ್ಲಿ, ಪತ್ರಿಕೆ ನಿಂತಿತು. ಕಟ್ಟಿದ ಕೈಯಲ್ಲೇ ಇದ್ದು, ಬಳಗದ ಹೆಸರು ಕೆಡದಂತೆ, ದನಿ ಬದಲಾಗದಂತೆ ನಿಂತ ಪತ್ರಿಕೆ ಅದು. ಬೇರೆಯವರಿಗೆ ಮಾರಿ ಹೆಸರನ್ನಷ್ಟೇ ಉಳಿಸಿಕೊಳ್ಳುವ ದಾರಿ ಹಿಡಿಯಲಿಲ್ಲ. ದಿಲ್ಲಿಯ ಕೇಶವ ಶಂಕರ ಪಿಳ್ಳೆಯವರ ‘ಶಂಕರ್ಸ್ ವೀಕ್ಲಿ’ಯ ಕೊನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1948ರಲ್ಲಿ ಹುಟ್ಟಿದ ಆ ವಾರಪತ್ರಿಕೆಯನ್ನು 1975ರಲ್ಲಿ, ತುರ್ತುಪರಿಸ್ಥಿತಿಯ ತಿಂಗಳುಗಳಲ್ಲಿ, ಶಂಕರ್ ಅವರೇ ಮುಚ್ಚಿದರು. ‘ಪಂಚ್’ ಮಾತ್ರ ಬೇರೆ ಬಗೆಯಲ್ಲಿ ಹೋಯಿತು. ಒಂದೂವರೆ ಶತಮಾನ ಬದುಕಿ, ಓದುಗರನ್ನು ಕಳೆದುಕೊಂಡು, 1992ರಲ್ಲಿ ಮುಚ್ಚಿತು. 1996ರಲ್ಲಿ ಹೊಸ ಒಡೆತನದಲ್ಲಿ ಎದ್ದು 2002ರಲ್ಲಿ ಮತ್ತೆ ಬಿತ್ತು. ಹಾಸ್ಯಪತ್ರಿಕೆಯ ಆಯುಷ್ಯ ಉದ್ದವಾದಷ್ಟೂ ಅದರ ಕೊನೆ ಒಳ್ಳೆಯದಾಗುತ್ತದೆ ಎನ್ನಲು ಈ ಮೂರರಲ್ಲಿ ಆಧಾರ ಸಿಗುವುದಿಲ್ಲ.

‘ಕೊರವಂಜಿ’ ನಡೆಯುತ್ತಿದ್ದಾಗಲೇ ಕನ್ನಡ ಹಾಸ್ಯದ ಇನ್ನೊಂದು ನೆಲೆ ದಂಡಿನ ಕಡೆ ತಲೆಯೆತ್ತಿತ್ತು. 1948ರಲ್ಲಿ ಸೌತ್ ಪರೇಡ್‌ಗೆ ಮಹಾತ್ಮ ಗಾಂಧಿ ರಸ್ತೆ ಎಂಬ ಹೆಸರು ಬಂತು. ಅದೇ ವರ್ಷ ಅದೇ ರಸ್ತೆಯಿಂದ ‘ಡೆಕ್ಕನ್ ಹೆರಾಲ್ಡ್’, ಹಿಂದೆಯೇ ‘ಪ್ರಜಾವಾಣಿ’ ಹೊರಟವು. ‘ಪ್ರಜಾವಾಣಿ’ಯ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾಯರು, ಓದುಗರ ಬಾಯಲ್ಲಿ ಟಿಯೆಸ್ಸಾರ್, ಬರೆದ ‘ಛೂಬಾಣ’ ದಿನಪತ್ರಿಕೆಯ ಓದುಗರಿಗೆ ನಿತ್ಯದ ಅಭ್ಯಾಸವಾಯಿತು. ರಾಜಕಾರಣಿಗಳೂ ಅಧಿಕಾರಿಗಳೂ ಬೆಳಿಗ್ಗೆ ಎದ್ದು ತಮ್ಮ ಮೇಲೆ ಬಾಣ ಬಿದ್ದಿದೆಯೇ ಎಂದು ನೋಡುವಂಥ ಅಂಕಣ ಅದು. ದಿನದ ಸುದ್ದಿಯನ್ನೇ ನೆಚ್ಚಿದ ಅಂಕಣಕ್ಕೆ ಕಥೆಯಂತೆ ಕೊನೆಯಿರುವುದಿಲ್ಲ. ಬರೆಯುವ ಕೈ ನಿಂತಾಗ ಅದೂ ನಿಲ್ಲುತ್ತದೆ. ಇತರರು ಮುಂದುವರಿಸಿದರೂ ಬಾಣಕ್ಕೆ ಆ ಬಿಲ್ಲು ಇರುವುದಿಲ್ಲ. ಕರ್ನಾಟಕ ಸರ್ಕಾರ ಪತ್ರಕರ್ತರಿಗೆ ಕೊಡುವ ಟಿಯೆಸ್ಸಾರ್ ಪ್ರಶಸ್ತಿ ಅವರ ಹೆಸರನ್ನು ಉಳಿಸಿದೆ. ಈ ರಸ್ತೆಯ ತುದಿಗೆ, ಟ್ರಿನಿಟಿ ವೃತ್ತದ ಬಳಿ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇಂದು ನಡೆಯುತ್ತಿದೆ. ನಗರದ ಪೂರ್ವಭಾಗಕ್ಕೆ ನಗೆಯ ಗೆರೆಗಳ ನೆಲೆಯೊಂದು ಹೀಗೆ ಒದಗಿದೆ.

ಬೀಚಿಯವರ ತಿಮ್ಮನ ಕಥೆ ಇವೆಲ್ಲಕ್ಕಿಂತ ಬೇರೆ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದವರು. ಅ.ನ.ಕೃ. ಅವರ ‘ಸಂಧ್ಯಾರಾಗ’ ಓದಿ ಕನ್ನಡದ ಕಡೆ ತಿರುಗಿದವರು. ಅಂಕಣಗಳಲ್ಲಿ, ಪುಸ್ತಕಗಳಲ್ಲಿ, ‘ತಿಮ್ಮಿಕ್ಷನರಿ’ಯಂಥ ನಗೆ ನಿಘಂಟಿನಲ್ಲಿ ತಿಮ್ಮ ಮತ್ತೆ ಮತ್ತೆ ಬಂದ. ಒಮ್ಮೆ ಹಳ್ಳಿಗ, ಒಮ್ಮೆ ಜಾಣ, ಒಮ್ಮೆ ಕುಡುಕ, ಇನ್ನೊಮ್ಮೆ ತತ್ತ್ವಜ್ಞಾನಿ. ಅವನಿಗೆ ವಯಸ್ಸಾಗಲಿಲ್ಲ, ಊರು ನಿಲ್ಲಲಿಲ್ಲ, ಕಥೆಯೊಂದು ಬೆಳೆಯಲಿಲ್ಲ. 1980ರಲ್ಲಿ ಬೀಚಿ ತೀರಿಕೊಂಡಾಗ ತಿಮ್ಮನಿಗೆ ಕೊನೆ ಬರೆದವರಿರಲಿಲ್ಲ. ಕೊನೆ ಬೇಕಾಗಿಯೂ ಇರಲಿಲ್ಲ, ಏಕೆಂದರೆ ತಿಮ್ಮ ಆ ಹೊತ್ತಿಗೆ ಜನರ ಬಾಯಿಗೆ ದಾಟಿದ್ದ. ಇಂದು ಹಾಸ್ಯಸಂಜೆಗಳಲ್ಲಿ ತಿಮ್ಮನ ಹೆಸರಿನಲ್ಲಿ ಹೇಳುವ ಎಷ್ಟೋ ಜೋಕುಗಳನ್ನು ಬೀಚಿ ಬರೆದಿರಲಾರರು. ಸರ್ವಜ್ಞನ ಅಂಕಿತಕ್ಕೆ ಆದದ್ದೇ ತಿಮ್ಮನ ಹೆಸರಿಗೂ ಆಯಿತು.

1983ರಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ರಾಶಿಯವರ ಮಗ ಎಂ. ಶಿವಕುಮಾರ್ ‘ಅಪರಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ತಂದರು. ರಾಶಿ 1984ರ ಜನವರಿಯಲ್ಲಿ ತೀರಿಕೊಂಡರು. ತಂದೆ ಮುಗಿಸಿದ ಪತ್ರಿಕೆಯ ಹೆಸರನ್ನೇ ಮತ್ತೆ ಎತ್ತಿಕೊಳ್ಳದೆ, ಅದರ ಪ್ರಾಸಕ್ಕೆ ಹೊಂದುವ ಬೇರೆ ಹೆಸರಿಟ್ಟದ್ದು ವಿವೇಕದ ನಡೆ. ಹಳೆಯ ಮಾಲೆ ಮುಗಿದದ್ದು ಮುಗಿದಂತೆಯೇ ಉಳಿಯಿತು, ಹೊಸದು ತನ್ನ ಬಲದಿಂದ ನಿಂತಿತು. ‘ಕೊರವಂಜಿ-ಅಪರಂಜಿ ಟ್ರಸ್ಟ್’ ಹಳೆಯ ‘ಕೊರವಂಜಿ’ಯ ಸಂಚಿಕೆಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಕನ್ನಡದ ಎಷ್ಟೋ ಒಳ್ಳೆಯ ಪತ್ರಿಕೆಗಳ ಹಳೆಯ ಸಂಪುಟಗಳು ಗೆದ್ದಲಿಗೆ ಸಂದಿರುವಾಗ ಇದು ಸಣ್ಣ ಕೆಲಸವಲ್ಲ.

ಕಾದಂಬರಿಯಲ್ಲಿ ಈ ಪ್ರಶ್ನೆಗೆ ಕನ್ನಡದ ಅತ್ಯಂತ ಹತ್ತಿರದ ಉದಾಹರಣೆ ಪೂರ್ಣಚಂದ್ರ ತೇಜಸ್ವಿಯವರದು. ‘ಕರ್ವಾಲೊ’ದ ಹಾರುವ ಓತಿಯಿಂದ ‘ಜುಗಾರಿ ಕ್ರಾಸ್’ವರೆಗೆ, ಮಲೆನಾಡಿನ ಪೇಚಾಟಗಳ ನಗೆ ಮತ್ತು ವಿಸ್ಮಯ ಎರಡನ್ನೂ ಒಂದೇ ಕಥನದಲ್ಲಿ ನಡೆಸಿದವರು ಅವರು. ಕೊನೆಯ ಕಾದಂಬರಿಗೆ ಅವರು ಕೊಟ್ಟ ಹೆಸರು ‘ಮಾಯಾಲೋಕ-1’. ಹೆಸರಿನಲ್ಲಿರುವ ಅಂಕಿಯೇ ಮುಂದಿನ ಸಂಪುಟಗಳ ಭರವಸೆ. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡರು. ಎರಡನೆಯದು ಬರಲಿಲ್ಲ. ಮಾಲೆಯ ಆರಂಭವಾಗಬೇಕಿದ್ದ ಪುಸ್ತಕ ಲೇಖಕರ ಕೊನೆಯ ಕಾದಂಬರಿಯಾಗಿ ಉಳಿಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಟೆರಿ ಪ್ರಾಚೆಟ್ ತಮಗೆ ಆಲ್‌ಝೈಮರ್ಸ್ ಕಾಯಿಲೆಯ ಒಂದು ವಿರಳ ರೂಪ ಬಂದಿದೆ ಎಂದು ಪ್ರಕಟಿಸಿದರು. ಹಾಸ್ಯ ಮತ್ತು ಅದ್ಭುತ ಕೂಡಿದ ಬರಹದಲ್ಲಿ ಅವರ ಡಿಸ್ಕ್‌ವರ್ಲ್ಡ್ ಕಾದಂಬರಿಗಳಷ್ಟು ಉದ್ದದ, ಅಷ್ಟು ಜನಪ್ರಿಯವಾದ ಮಾಲೆ ಆಧುನಿಕ ಕಾಲದಲ್ಲಿ ಮತ್ತೊಂದು ಸಿಗುವುದು ಕಷ್ಟ. 1983ರಲ್ಲಿ, ‘ಅಪರಂಜಿ’ ಹುಟ್ಟಿದ ವರ್ಷವೇ, ‘ದಿ ಕಲರ್ ಆಫ್ ಮ್ಯಾಜಿಕ್’ನೊಂದಿಗೆ ಅದು ಆರಂಭವಾಯಿತು. ತಟ್ಟೆಯಂಥ ಚಪ್ಪಟೆ ಲೋಕ, ಅದನ್ನು ಹೊತ್ತ ನಾಲ್ಕು ಆನೆಗಳು, ಆನೆಗಳನ್ನು ಹೊತ್ತು ಆಕಾಶದಲ್ಲಿ ಈಜುವ ಮಹಾಕೂರ್ಮ. ದಿಗ್ಗಜಗಳ, ಆದಿಕೂರ್ಮನ ಕಥೆ ಕೇಳಿ ಬೆಳೆದ ಕನ್ನಡದ ಓದುಗರಿಗೆ ಈ ಲೋಕದೊಳಗೆ ಹೊಗಲು ಯಾರ ಪರಿಚಯಪತ್ರವೂ ಬೇಕಿಲ್ಲ.

ಬೆಂಗಳೂರಿನಲ್ಲಿ ಇಂಥ ಇಂಗ್ಲಿಷ್ ಮಾಲೆಗಳ ಓದು ದಂಡು ಪ್ರದೇಶದ ಪುಸ್ತಕ ವ್ಯಾಪಾರವನ್ನು ನೆಚ್ಚಿತ್ತು. ಎಂ.ಜಿ. ರಸ್ತೆಯ ಹಿಗ್ಗಿನ್‌ಬಾಥಮ್ಸ್ ಇಪ್ಪತ್ತನೆಯ ಶತಮಾನದ ಆರಂಭದ್ದು. ಕೆ.ಬಿ.ಕೆ. ರಾವ್ 1945ರಲ್ಲಿ ಆರಂಭಿಸಿದ ಸೆಲೆಕ್ಟ್ ಹಳೆಯ ಪುಸ್ತಕಗಳಿಗೆ ಹೆಸರಾಯಿತು. ಟಿ.ಎಸ್. ಶಾನಭಾಗರ ಪ್ರೀಮಿಯರ್ 2009ರವರೆಗೆ ನಡೆಯಿತು. ಇನ್‌ಫೆಂಟ್ರಿ ರಸ್ತೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಎಲೂರ್ ಲೈಬ್ರರಿಯಿತ್ತು, ಚರ್ಚ್ ಸ್ಟ್ರೀಟಿನಲ್ಲಿ ಮಾಯಿಗೌಡರ ಬ್ಲಾಸಮ್ ಇದೆ. ಅಷ್ಟರಲ್ಲಿ ಕಮ್ಮನಹಳ್ಳಿ ಹಳ್ಳಿಯಾಗಿ ಉಳಿದಿರಲಿಲ್ಲ. ಎಚ್‌ಆರ್‌ಬಿಆರ್ ಬಡಾವಣೆ, ಜಲವಾಯು ವಿಹಾರ, ತಿಂಡಿ ಅಂಗಡಿಗಳ ಮುಖ್ಯರಸ್ತೆ, ಆಫ್ರಿಕಾದ ದೇಶಗಳಿಂದ ಓದಲು ಬಂದ ವಿದ್ಯಾರ್ಥಿಗಳು ಎಲ್ಲ ಸೇರಿ ಅದು ಹಲವು ಭಾಷೆಗಳ ನಗರಭಾಗವಾಗಿತ್ತು. ಅಲ್ಲಿಂದ ಚರ್ಚ್ ಸ್ಟ್ರೀಟಿಗೆ ದೂರವೇನೂ ಇಲ್ಲ. ಮಾಲೆಯ ಬಿಟ್ಟುಹೋದ ಸಂಪುಟಗಳನ್ನು ಸೆಕೆಂಡ್‌ಹ್ಯಾಂಡ್ ರಾಶಿಯಲ್ಲಿ ಹುಡುಕಿ ಕೂಡಿಸುವುದು ಈ ನಗರದ ಓದುಗರಿಗೆ ಹಳೆಯ ರೂಢಿ.

ಕಾಯಿಲೆ ತಿಳಿದ ಮೇಲೂ ಪ್ರಾಚೆಟ್ ಬರೆಯುವುದನ್ನು ಬಿಡಲಿಲ್ಲ. ಟೈಪು ಮಾಡಲಾಗದಾದಾಗ ಬಾಯಲ್ಲಿ ಹೇಳಿ ಬರೆಸಿದರು. 2015ರ ಮಾರ್ಚ್ 12ರಂದು ತೀರಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ‘ದಿ ಶೆಫರ್ಡ್ಸ್ ಕ್ರೌನ್’ ಪ್ರಕಟವಾಯಿತು. ಮಾಲೆಯ 41ನೆಯ ಕಾದಂಬರಿ, ಟಿಫನಿ ಏಕಿಂಗ್ ಎಂಬ ಹುಡುಗಿಯನ್ನು ಕುರಿತ ಐದನೆಯದು. 2003ರ ‘ದಿ ವೀ ಫ್ರೀ ಮೆನ್’ನಲ್ಲಿ ಕುರಿಗಾಹಿಗಳ ಮನೆಯ ಒಂಬತ್ತು ವರ್ಷದ ಹುಡುಗಿಯಾಗಿದ್ದ ಟಿಫನಿ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತ ಬಂದಿದ್ದಳು. ಹಾಸ್ಯಪಾತ್ರಕ್ಕೆ ವಯಸ್ಸಾಗುವುದೇ ಅಪರೂಪ. ಅದಕ್ಕಾಗಿಯೇ ಅವಳ ಕಥೆಗೆ ಕೊನೆ ಬರೆಯುವುದು ಸಾಧ್ಯವಾಯಿತು.

ಕಾದಂಬರಿಯ ಆರಂಭದಲ್ಲೇ ಗ್ರ್ಯಾನಿ ವೆದರ್‌ವ್ಯಾಕ್ಸ್ ಸಾಯುತ್ತಾಳೆ. ಮೂರು ದಶಕಗಳ ಓದುಗರಿಗೆ ಆಪ್ತಳಾದ, ಒರಟು ಮಾತಿನ, ಎಲ್ಲರಿಗಿಂತ ಹಿರಿಯ ಮಾಟಗಾತಿ. ತನ್ನ ಸಾವು ಯಾವಾಗ ಬರುತ್ತದೆಂದು ಅವಳಿಗೆ ಮೊದಲೇ ಗೊತ್ತು. ಮನೆ ಗುಡಿಸಿ, ಅಡುಗೆಮನೆ ಒಪ್ಪ ಮಾಡಿ, ಯಾರಿಗೂ ತೊಂದರೆಯಾಗದಂತೆ ಎಲ್ಲ ಜೋಡಿಸಿಟ್ಟು ಮಲಗುತ್ತಾಳೆ. ಅವಳ ಜಾಗ ಟಿಫನಿಗೆ ಬರುತ್ತದೆ. ಕಿನ್ನರಲೋಕದ ಕ್ರೂರಿಗಳು ಗಡಿ ದಾಟಿ ಬರುತ್ತಾರೆ, ಯುದ್ಧವಾಗುತ್ತದೆ. ಜೆಫ್ರಿ ಎಂಬ ಹುಡುಗ ಹೆಂಗಸರಿಗಷ್ಟೇ ಮೀಸಲಾದ ಮಾಟಗಾತಿಯ ಕೆಲಸ ಕಲಿಯಲು ಬರುತ್ತಾನೆ. ಟಿಫನಿ ಕೊನೆಗೆ ಗ್ರ್ಯಾನಿಯ ಗುಡಿಸಲನ್ನು ತನ್ನದಾಗಿಸಿಕೊಳ್ಳುವುದಿಲ್ಲ. ತನ್ನ ಸುಣ್ಣಕಲ್ಲಿನ ಗುಡ್ಡಕ್ಕೆ ಮರಳಿ, ಅಜ್ಜಿಯ ಹಳೆಯ ಕುರಿಗಾಡಿಯ ಚಕ್ರಗಳನ್ನು ಬಳಸಿ ತನ್ನದೇ ಗೂಡು ಕಟ್ಟಿಕೊಳ್ಳುತ್ತಾಳೆ. ಶೀರ್ಷಿಕೆಯಲ್ಲಿರುವ ‘ಕುರುಬನ ಕಿರೀಟ’ ಎಂದರೆ ಆ ಗುಡ್ಡದಲ್ಲಿ ಸಿಗುವ, ಕಲ್ಲಾಗಿ ಹೋದ ಕಡಲ ಜೀವಿಯೊಂದರ ಪಳೆಯುಳಿಕೆ.

ಕಲೆಯ ದೃಷ್ಟಿಯಿಂದ ಇದು ಮಾಲೆಯ ಅತ್ಯುತ್ತಮ ಕಾದಂಬರಿಯಲ್ಲ. ಕೆಲವು ಅಧ್ಯಾಯಗಳು ಅವಸರದಲ್ಲಿ ಓಡುತ್ತವೆ, ಕೆಲವು ಪಾತ್ರಗಳು ತುಂಬಿಕೊಳ್ಳುವ ಮೊದಲೇ ಮರೆಯಾಗುತ್ತವೆ. ಲೇಖಕರಿಗೆ ಇನ್ನಷ್ಟು ಸಮಯ ಸಿಕ್ಕಿದ್ದರೆ ತಿದ್ದುತ್ತಿದ್ದರೆಂದು ಪುಸ್ತಕದ ಹಿನ್ನುಡಿಯಲ್ಲೇ ಅವರ ಸಹಾಯಕ ರಾಬ್ ವಿಲ್ಕಿನ್ಸ್ ಹೇಳಿದ್ದಾರೆ. ಆದರೂ ಹಾಸ್ಯಮಾಲೆಯೊಂದು ಹೇಗೆ ಮುಗಿಯಬೇಕು ಎಂಬ ಪ್ರಶ್ನೆಗೆ ಇಷ್ಟು ಧೈರ್ಯದಿಂದ ಮುಖ ಕೊಟ್ಟ ಪುಸ್ತಕ ಬೇರೆ ಇಲ್ಲ. ಸಾಯುತ್ತಿದ್ದ ಲೇಖಕ ಸಾವನ್ನು ತನ್ನ ಅತ್ಯಂತ ಗಟ್ಟಿ ಪಾತ್ರದ ಮೇಲೆ ತಂದು, ಕಥೆಯನ್ನು ಆಕೆಯೊಂದಿಗೆ ನಿಲ್ಲಿಸದೆ ಮುಂದಿನ ತಲೆಮಾರಿನ ಕೈಗೆ ಕೊಟ್ಟರು. ನಗೆ ಕೊನೆಯವರೆಗೂ ಬತ್ತಲಿಲ್ಲ.

ಹೋಲಿಕೆಗೆ ಅವರ ನಾಡಿನವರೇ ಆದ ಇಬ್ಬರು ಸಿಗುತ್ತಾರೆ. ಜೀವ್ಸ್ ಕಥೆಗಳ ಪಿ.ಜಿ. ವುಡ್‌ಹೌಸ್ 1974ರಲ್ಲಿ ಆ ಮಾಲೆಯ ಕೊನೆಯ ಕಾದಂಬರಿ ಬರೆದು ಮರುವರ್ಷ ತೀರಿಕೊಂಡರು. ಅದನ್ನು ಓದಿದವರಿಗೆ ಅದು ಕೊನೆಯದೆಂದು ಗೊತ್ತಾಗುವಂತಿಲ್ಲ. ಮಾಲೆಯ ನಾಯಕ ಬರ್ಟಿ ವೂಸ್ಟರ್ ಅಲ್ಲೂ ಅದೇ ಬರ್ಟಿ. ಡಗ್ಲಸ್ ಆಡಮ್ಸ್ 1992ರ ‘ಮೋಸ್ಟ್ಲಿ ಹಾರ್ಮ್‌ಲೆಸ್’ನಲ್ಲಿ ತಮ್ಮ ಹಾಸ್ಯಮಾಲೆಯ ಲೋಕವನ್ನೇ ನಾಶಮಾಡಿ ಮುಗಿಸಿದರು. ಅವರ ಮರಣಾನಂತರ, 2009ರಲ್ಲಿ, ಬೇರೊಬ್ಬ ಲೇಖಕರು ಅದನ್ನು ಮತ್ತೆ ಮುಂದುವರಿಸಿದರು.

ಅಂಥ ಮುಂದುವರಿಕೆ ಪ್ರಾಚೆಟ್‌ಗೆ ಬೇಡವಾಗಿತ್ತು. ಅಪೂರ್ಣ ಕೃತಿಗಳಿದ್ದ ಕಂಪ್ಯೂಟರ್ ಹಾರ್ಡ್ ಡಿಸ್ಕನ್ನು ರೋಡ್ ರೋಲರ್ ಹರಿಸಿ ಪುಡಿಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು. 2017ರ ಆಗಸ್ಟ್ 25ರಂದು ಡಾರ್ಸೆಟ್‌ನ ಉಗಿ ಯಂತ್ರಗಳ ಜಾತ್ರೆಯಲ್ಲಿ ಹಳೆಯ ಉಗಿ ರೋಲರ್ ಒಂದನ್ನು ಅದರ ಮೇಲೆ ಹರಿಸಲಾಯಿತು. ಮಗಳು ರಿಯಾನಾ ಪ್ರಾಚೆಟ್ ತಾನಾಗಲಿ ಬೇರೆಯವರಾಗಲಿ ಹೊಸ ಡಿಸ್ಕ್‌ವರ್ಲ್ಡ್ ಕಾದಂಬರಿ ಬರೆಯುವುದಿಲ್ಲವೆಂದು 2015ರಲ್ಲೇ ತಿಳಿಸಿದ್ದರು. 41ರ ಆಚೆಗೆ ಆ ಮಾಲೆಯಲ್ಲಿ ಹೊಸ ಕಾದಂಬರಿ ಬಂದಿಲ್ಲ.